ಗೂಡಿನ ರೇಷ್ಮೆ ನರ ಬೆಸೆಯುವುದಾದರೆ ಬೆಳೆಗಾರನ ಪಾಲೇನು?



ಕಡಿದುಹೋದ ನರವನ್ನು ರೇಷ್ಮೆಯಿಂದ ಜೋಡಿಸಬಹುದೆಂಬ ಸುದ್ದಿ ಈಚಿನ ವರ್ಷಗಳಲ್ಲಿ ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಿದೆ. ಇದನ್ನು ಓದಿದವರಲ್ಲಿ ಎರಡು ಬಗೆಯವರುಂಟು. ಇನ್ನೇನು ಗೂಡಿಗೆ ಬಂಗಾರದ ಬೆಲೆ ಬಂದೀತು, ಪಾರ್ಶ್ವವಾಯು ಬಡಿದವರೆಲ್ಲ ಎದ್ದು ನಡೆದಾರು ಎನ್ನುವವರು ಒಂದು ಬಗೆ. ಇದೆಲ್ಲ ಪ್ರಯೋಗಶಾಲೆಯವರ ಮಾತು, ಬೆಳಗಾಗೆದ್ದು ಸೊಪ್ಪು ಕಡಿದು ಹುಳುವಿಗೆ ಹಾಕುವ ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರು ಇನ್ನೊಂದು ಬಗೆ. ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಸುತ್ತಿನ ಬೆಳೆಗಾರನಿಗೆ ಈ ವಿದ್ಯೆಯಲ್ಲಿ ಒಂದು ಪಾಲುಂಟು. ಆದರೆ ಅದು ಗೂಡಿನ ತೂಕದಿಂದ ಬರುವ ಪಾಲಲ್ಲ. ಹೇಗೆಂಬುದನ್ನು ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ನರದ ವಿಷಯ. ನಿಮ್ಮ ಮುಂಗೈಯೊಳಗೆ ಹಾದುಹೋಗುವ ನರವು ಒಂಟಿ ತಂತಿಯಲ್ಲ. ಸಾವಿರಾರು ಸೂಕ್ಷ್ಮ ಎಳೆಗಳು ಕಟ್ಟುಕಟ್ಟಾಗಿ ಸೇರಿ, ಪ್ರತಿ ಕಟ್ಟಿಗೂ ಒಂದು ಪೊರೆ, ಎಲ್ಲಕ್ಕೂ ಸೇರಿ ಹೊರಗೆ ಮತ್ತೊಂದು ಪೊರೆ ಇರುತ್ತದೆ. ಈ ಎಳೆಗಳ ಜೀವಮೂಲ ಇರುವುದು ಬೆನ್ನುಹುರಿಯಲ್ಲಿ ಅಥವಾ ಅದರ ಮಗ್ಗುಲಲ್ಲಿ. ಸೊಪ್ಪು ಕೊಯ್ಯುವಾಗ ಕುಡುಗೋಲು ಜಾರಿ ಮಣಿಕಟ್ಟಿಗೆ ಬಿದ್ದರೆ, ಅಥವಾ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿದರೆ, ಕಡಿದ ಜಾಗದಿಂದ ಆಚೆಗಿನ ಎಳೆಗಳೆಲ್ಲ ಕೆಲವೇ ದಿನಗಳಲ್ಲಿ ಸತ್ತು ಕರಗಿಹೋಗುತ್ತವೆ. ಅಲ್ಲಿ ಉಳಿಯುವುದು ಖಾಲಿ ಪೊರೆ ಮಾತ್ರ. ಆದರೆ ಬೆನ್ನುಹುರಿಯ ಕಡೆಗಿನ ಭಾಗ ಬದುಕಿರುತ್ತದೆ. ಬುಡ ಸವರಿದ ಹಿಪ್ಪುನೇರಳೆ ಮತ್ತೆ ಚಿಗುರುವಂತೆ ಅದು ಹೊಸ ಎಳೆಗಳನ್ನು ಚಿಗುರಿಸಿ, ಖಾಲಿ ಪೊರೆಯೊಳಗೆ ನುಗ್ಗಿ ಬೆರಳಿನ ಕಡೆಗೆ ಬೆಳೆಯತೊಡಗುತ್ತದೆ. ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿ.ಮೀ., ಅಂದರೆ ತಿಂಗಳಿಗೆ ಒಂದು ಅಂಗುಲ. ಮಣಿಕಟ್ಟಿನಿಂದ ಬೆರಳ ತುದಿ ಮುಟ್ಟಲು ಆರು ತಿಂಗಳು ಬೇಕು. ಗಾಯ ತೋಳಿನ ಮೇಲ್ಭಾಗದಲ್ಲಾದರೆ ವರ್ಷ ದಾಟುತ್ತದೆ. ಅಷ್ಟು ಕಾಲ ಅಪ್ಪಣೆ ಬಾರದೆ ಬಿದ್ದ ಮಾಂಸಖಂಡವು ಸೊರಗಿ, ಒಂದೂವರೆ ವರ್ಷದ ಮೇಲೆ ನರ ಬಂದು ಮುಟ್ಟಿದರೂ ಎಚ್ಚರಗೊಳ್ಳದ ಸ್ಥಿತಿಗೆ ಇಳಿದಿರುತ್ತದೆ.

ಆದುದರಿಂದ ಇಲ್ಲಿ ಒಂದು ಮಾತನ್ನು ನಡುವೆಯೇ ಹೇಳಿಬಿಡುವುದು ಒಳ್ಳೆಯದು. ಕೈ ಕೊಯ್ದುಕೊಂಡಾಗ ನಮ್ಮ ಕಡೆ ಕಾಫಿಪುಡಿ, ಅರಿಶಿನ ಅದುಮಿ, ಮೇಲಿನ ಚರ್ಮ ಕೂಡಿದರೆ ಗಾಯ ವಾಸಿಯಾಯಿತೆಂದು ತಿಳಿಯುವುದುಂಟು. ಒಳಗೆ ನರ ಕಡಿದಿದ್ದರೆ ಅದು ಚರ್ಮ ಕೂಡಿದ ಮೇಲೆ ಹೊರಗೆ ಕಾಣುವುದಿಲ್ಲ. ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಒತ್ತಿಹಿಡಿದು, ಕೈಯನ್ನು ಮೇಲೆತ್ತಿ, ಪ್ರತಿಯೊಂದು ಬೆರಳ ತುದಿಯನ್ನೂ ಮುಟ್ಟಿ ನೋಡಿರಿ. ಯಾವುದಾದರೂ ಬೆರಳು ಜೋಮು ಹಿಡಿದಂತೆ ಅನಿಸಿದರೆ ಅಥವಾ ಅಗಲಿಸಲು ಬಾರದಿದ್ದರೆ ಅದನ್ನು ವೈದ್ಯರಿಗೆ ಹೇಳಿ, ನರ ಕಡಿದಿದೆಯೇ ಎಂದು ನೀವಾಗಿಯೇ ಕೇಳಿರಿ. ಸಣ್ಣ ಆಸ್ಪತ್ರೆಯಲ್ಲಿ ಗಾಯ ತೊಳೆದು ಹೊಲಿದು ಕಳುಹಿಸಿದ ಮೇಲೂ ಜೋಮು ಉಳಿದಿದ್ದರೆ, ನರದ ಶಸ್ತ್ರಕ್ರಿಯೆ ಮಾಡುವವರಲ್ಲಿಗೆ ಹೋಗಲು ತಡಮಾಡಬಾರದು. ತಿಂಗಳುಗಟ್ಟಲೆ ಬಿಟ್ಟು ಬಂದವರಿಗೆ ರೇಷ್ಮೆಯಿಂದಾಗಲಿ, ಬೇರೆ ಯಾವುದರಿಂದಾಗಲಿ ಆಗುವ ಉಪಕಾರ ಬಹಳ ಕಡಿಮೆ.

ಕಡಿದ ಎರಡು ತುದಿಗಳನ್ನು ಎಳೆಯದೆ ಕೂಡಿಸುವಂತಿದ್ದರೆ ವೈದ್ಯರು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ತೊಡಕಾಗುವುದು ನಡುವಣ ತುಂಡೇ ನಾಶವಾಗಿ ಅಂತರ ಬಿದ್ದಾಗ. ಆಗ ಚಿಗುರಿದ ಎಳೆಗಳು ದಾರಿ ಕಾಣದೆ ಅಲ್ಲಲ್ಲೇ ಸುತ್ತಿಕೊಂಡು ಮುಟ್ಟಿದರೆ ಉರಿಯುವ ಗಂಟಾಗುತ್ತವೆ. ಚಪ್ಪರವಿಲ್ಲದ ದ್ರಾಕ್ಷಿ ಬಳ್ಳಿ ನೆಲದಲ್ಲಿ ಗೋಜಲಾಗುವುದನ್ನು ನೀವು ನೋಡಿದ್ದೀರಿ. ಕಾಂಡದ ಸುತ್ತ ತೊಗಟೆ ಕಳೆದುಕೊಂಡ ಮರಕ್ಕೆ ತೋಟಗಾರಿಕೆಯವರು ಸೇತುವೆ ಕಸಿ ಹಾಕುವಂತೆ, ನರದ ಅಂತರಕ್ಕೂ ಒಂದು ಸೇತುವೆ ಬೇಕು. ಇಂದಿಗೂ ಉತ್ತಮವೆನಿಸಿದ ಕ್ರಮವೆಂದರೆ ರೋಗಿಯ ಕಾಲಿನ ಮೀನಖಂಡದಿಂದ ಒಂದು ಸ್ಪರ್ಶನರವನ್ನು ತೆಗೆದು ಕೈಗೆ ಕಸಿ ಮಾಡುವುದು. ಕೈ ಉಳಿಯುತ್ತದೆ, ಪಾದದ ಹೊರ ಅಂಚು ಮರಗಟ್ಟುತ್ತದೆ. ಕೆಸರಲ್ಲಿ, ಕಲ್ಲುಮುಳ್ಳಿನಲ್ಲಿ ಬರಿಗಾಲಲ್ಲಿ ನಡೆಯುವವನಿಗೆ ಇದು ಸಣ್ಣ ನಷ್ಟವೇನಲ್ಲ.

ಈ ನಷ್ಟ ತಪ್ಪಿಸಲೆಂದೇ ಕೃತಕ ನಳಿಕೆಗಳು ಬಂದವು. ಕಡಿದ ಎರಡು ತುದಿಗಳನ್ನೂ ಒಂದು ಸಣ್ಣ ನಳಿಕೆಯ ಎರಡು ಬಾಯಿಗಳಲ್ಲಿ ಕೂರಿಸಿ ಹೊಲಿದರೆ, ಚಿಗುರಿದ ಎಳೆಗಳು ಅದರೊಳಗಿನಿಂದ ಆಚೆ ಬದಿ ಸೇರುತ್ತವೆ. ಕೆಲಸ ಮುಗಿದ ಮೇಲೆ ನಳಿಕೆ ತಾನಾಗಿ ಕರಗಬೇಕು. ದನದ ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜನ್ ಎಂಬ ಪ್ರೊಟೀನಿನಿಂದಲೂ, ಕರಗುವ ಕೃತಕ ಪಾಲಿಮರುಗಳಿಂದಲೂ ಮಾಡಿದ ಇಂಥ ನಳಿಕೆಗಳು ವಿದೇಶಗಳಲ್ಲಿ ಹಲವು ವರ್ಷಗಳಿಂದ ಬಳಕೆಯಲ್ಲಿವೆ. ಕಿರಿದಾದ ಅಂತರಕ್ಕೆ ಇವು ಸಾಕಾಗುತ್ತವೆ. ಅಂತರ ಸುಮಾರು 3 ಸೆಂ.ಮೀ. ಮೀರಿದರೆ ಬರಿಯ ಟೊಳ್ಳು ನಳಿಕೆ ಕೈಕೊಡುತ್ತದೆ. ಒಳಗೆ ಎಳೆಗಳಿಗೆ ಹಿಡಿದು ಹತ್ತಲು ಆಧಾರ ಬೇಕು. ಹುಟ್ಟಿನಿಂದ ಬಂದ ನರದ ಒಳರಚನೆಯನ್ನು ಹೋಲುವ ವಸ್ತುವಿಗಾಗಿ ವಿಜ್ಞಾನಿಗಳು ಹುಡುಕಾಡಿದ್ದು ಇದಕ್ಕಾಗಿಯೇ. ಆ ಹುಡುಕಾಟದಲ್ಲಿಯೇ ಅವರು ನಿಮ್ಮ ಚಂದ್ರಿಕೆಯ ಮೇಲಿನ ಗೂಡಿನ ಕಡೆಗೆ ತಿರುಗಿದರು.

ಗೂಡಿನ ಕವಚದಲ್ಲಿ ಎರಡು ಪ್ರೊಟೀನುಗಳಿವೆ. ನೂಲಿನ ತಿರುಳಾದ ಫೈಬ್ರಾಯಿನ್ ನೂರಕ್ಕೆ 70ರಿಂದ 80 ಭಾಗ. ಅದನ್ನು ಅಂಟಿಸಿ ಹಿಡಿದ ಗೋಂದು ಸೆರಿಸಿನ್ ಬಹುಮಟ್ಟಿಗೆ ಉಳಿದ ಭಾಗ. ನೂಲು ಬಿಚ್ಚುವಾಗ ಬಿಸಿನೀರಿನಲ್ಲಿ ಮೆತ್ತಗಾಗುವುದು ಈ ಗೋಂದೇ. ವೈದ್ಯರು ರೇಷ್ಮೆ ದಾರದಿಂದ ಗಾಯ ಹೊಲಿಯುವುದು ಬಹಳ ಹಿಂದಿನಿಂದ ಬಂದ ರೂಢಿ. ಗೋಂದನ್ನು ಪೂರ್ತಿ ತೆಗೆಯದ ದಾರ ಕೆಲವರ ಮೈಗೆ ಒಗ್ಗದೆ ಊತ ಬರುತ್ತಿತ್ತು. ಆದುದರಿಂದ ನರದ ಕೆಲಸಕ್ಕೆ ಗೂಡನ್ನು ಕತ್ತರಿಸಿ, ಒಳಗಿನ ಕೋಶವನ್ನು ತೆಗೆದು, ಕವಚವನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕುದಿಸಿ ಗೋಂದನ್ನು ಕಳೆಯುತ್ತಾರೆ. ಉಳಿದ ಬಿಳಿ ಅರಳೆಯನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಲವಣ ಹೋಗುವವರೆಗೆ ಎರಡು ಮೂರು ದಿನ ನೀರು ಬದಲಾಯಿಸುತ್ತ ಶುದ್ಧಿ ಮಾಡಿದರೆ ಫೈಬ್ರಾಯಿನ್ನಿನ ತಿಳಿಯಾದ ದ್ರವ ಸಿಗುತ್ತದೆ. ಇದನ್ನು ನಳಿಕೆಯಾಗಿ ಎರೆಯಬಹುದು, ಹಾಳೆಯಾಗಿ ಹರಡಬಹುದು, ಸ್ಪಂಜಾಗಿ ಊದಿಸಬಹುದು, ಮೊಸರಿನ ಹದಕ್ಕೆ ಹೆಪ್ಪುಗಟ್ಟಿಸಬಹುದು. ಎಳೆಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಜೋಡಿಸಿದರೆ ನರದ ಪೋಷಕ ಜೀವಕೋಶಗಳು ಆ ಸಾಲು ಹಿಡಿದು ಸಾಗುತ್ತವೆ. ಬೇಗ ಕರಗಬೇಕೋ, ನಿಧಾನವಾಗಿ ಕರಗಬೇಕೋ ಎಂಬುದನ್ನೂ ತಯಾರಿಸುವಾಗಲೇ ಬಹುಮಟ್ಟಿಗೆ ನಿರ್ಧರಿಸಬಹುದು. ಗಟ್ಟಿತನ, ಮೃದುತ್ವ, ಕರಗುವ ಕಾಲ ಮೂರೂ ಹೀಗೆ ಕೈಗೆ ಸಿಗುವ ವಸ್ತುಗಳು ಹೆಚ್ಚಿಲ್ಲ.

ಫಲಿತಾಂಶ ಏನು ಬಂದಿದೆ? ಚೀನದ ರೇಷ್ಮೆ ನಾಡಾದ ಜಿಯಾಂಗ್ಸು ಪ್ರಾಂತ್ಯದ ನಾನ್‌ಟಾಂಗ್ ವಿಶ್ವವಿದ್ಯಾಲಯದವರು ಫೈಬ್ರಾಯಿನ್ ನಳಿಕೆಯೊಳಗೆ ರೇಷ್ಮೆ ಎಳೆಗಳನ್ನಿಟ್ಟು ಇಲಿಯ ಕಾಲಿನ ನರದ 10 ಮಿ.ಮೀ. ಅಂತರವನ್ನು ಬೆಸೆದ ಪ್ರಯೋಗವನ್ನು 2007ರಲ್ಲಿ ಪ್ರಕಟಿಸಿದರು. ಆರು ತಿಂಗಳ ಹೊತ್ತಿಗೆ ಅದು ಇಲಿಯ ಸ್ವಂತ ನರದ ಕಸಿಗೆ ಸಮೀಪ ಬಂದಿತ್ತು. ಜರ್ಮನಿಯ ಹ್ಯಾನೋವರ್ ವೈದ್ಯಕೀಯ ವಿದ್ಯಾಲಯದವರು 2011ರಲ್ಲಿ ಕುರಿಯ ಕಾಲಿನಲ್ಲಿ 6 ಸೆಂ.ಮೀ. ಅಂತರವನ್ನು ಜೇಡರ ನೂಲಿನಿಂದ ದಾಟಿಸಿದ್ದನ್ನು ವರದಿ ಮಾಡಿದರು. ಜೇಡರ ನೂಲು ಬಹಳ ಒಳ್ಳೆಯದು, ಆದರೆ ಜೇಡವನ್ನು ತಟ್ಟೆಯಲ್ಲಿಟ್ಟು ಸಾಕಲು ಬರುವುದಿಲ್ಲ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಸಾವಿರಾರು ವರ್ಷಗಳಿಂದ ಮನುಷ್ಯನ ಕೈಯಲ್ಲಿ ಪಳಗಿದ ಹಿಪ್ಪುನೇರಳೆ ರೇಷ್ಮೆಹುಳುವಿನ ಅನುಕೂಲ ಇಲ್ಲಿಯೇ ಇರುವುದು. ಇಟಲಿಯಲ್ಲಿ ತಯಾರಾದ ಫೈಬ್ರಾಯಿನ್ ನಳಿಕೆಯನ್ನು ಬೆರಳಿನ ನರ ಕಡಿದ ಕೆಲವು ಜನರಲ್ಲಿಯೂ ಇಟ್ಟು ನೋಡಿದ್ದಾರೆ.

ಮಿದುಳಿನ ಕಡೆಗೂ ಕೆಲಸ ನಡೆದಿದೆ. ಮಿದುಳು ಗಟ್ಟಿಮೊಸರಿನಷ್ಟು ಮೆತ್ತಗಿನದು, ಅದರ ಮೇಲೆ ಲೋಹದ ತಂತಿಯಿಟ್ಟರೆ ಸರಿಯಾಗಿ ಕೂರುವುದಿಲ್ಲ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತೆಳುವಾದ ವಿದ್ಯುತ್ ತಂತುಗಳನ್ನು ರೇಷ್ಮೆ ಹಾಳೆಯ ಮೇಲೆ ಕೂರಿಸಿ ಬೆಕ್ಕಿನ ಮಿದುಳಿನ ಮೇಲಿಟ್ಟರು. ಹಾಳೆ ಕರಗಿದಂತೆ ತಂತುಗಳು ಮಿದುಳಿನ ಏರುತಗ್ಗಿಗೆ ಅಂಟಿಕೊಂಡವು. 2014ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದವರು ಉದ್ದಿನವಡೆಯ ಆಕಾರದ ರೇಷ್ಮೆ ಸ್ಪಂಜಿನಲ್ಲಿ ಇಲಿಯ ನರಕೋಶಗಳನ್ನು ಬೆಳೆಸಿ, ಮಿದುಳಿನ ಅಂಗಾಂಶವನ್ನು ಹೋಲುವ ರಚನೆಯನ್ನು ತಿಂಗಳುಗಟ್ಟಲೆ ಉಳಿಸಿಕೊಂಡರು. ಇವು ಅಧ್ಯಯನಕ್ಕೆ ಒದಗುವ ಸಾಧನಗಳೇ ಹೊರತು ಚಿಕಿತ್ಸೆಗಳಲ್ಲ.

ಹೀಗಿರುವಲ್ಲಿ ಪಾರ್ಶ್ವವಾಯುವಿಗೆ ರೇಷ್ಮೆಯ ಮದ್ದು ಬಂತೆಂದು ಯಾರಾದರೂ ನಿಮಗೆ ಪುಡಿಯನ್ನೋ ಎಣ್ಣೆಯನ್ನೋ ಮಾರಲು ಬಂದರೆ ನಂಬಬೇಡಿರಿ. ಪಾರ್ಶ್ವವಾಯು ಬರುವುದು ಮಿದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು. ಅಲ್ಲಿ ಜೋಡಿಸಲು ಕಡಿದ ನರವೇ ಇಲ್ಲ. ಇನ್ನು ಮರದಿಂದ ಬಿದ್ದು ಬೆನ್ನುಹುರಿ ಮುರಿದವರ ಪಾಡು ಬೇರೆ. ಕೈಕಾಲಿನ ನರದಂತೆ ಬೆನ್ನುಹುರಿ ತಾನಾಗಿ ಚಿಗುರುವುದಿಲ್ಲ. ಗಾಯದ ಜಾಗದಲ್ಲಿ ಕಟ್ಟುವ ಕಲೆ ಹೊಸ ಎಳೆಗಳನ್ನು ತಡೆಯುತ್ತದೆ. ಅಲ್ಲಿ ರೇಷ್ಮೆ ಜೆಲ್ಲು, ಸ್ಪಂಜುಗಳ ಪ್ರಯೋಗ ಇನ್ನೂ ಪ್ರಾಣಿಗಳ ಹಂತದ್ದು. ಆ ಮನೆಯವರಿಗೆ ಹುಸಿ ಭರವಸೆ ಕೊಟ್ಟು ಹಣ ಕೀಳುವುದಕ್ಕಿಂತ ನೀಚ ವ್ಯಾಪಾರ ಇನ್ನೊಂದಿಲ್ಲ.

ಈಗ ನಮ್ಮ ಲೆಕ್ಕಕ್ಕೆ ಬರೋಣ. 3 ಸೆಂ.ಮೀ. ಉದ್ದದ, ಅರ್ಧ ಮಿ.ಮೀ. ದಪ್ಪ ಗೋಡೆಯ, ರಂಧ್ರರಂಧ್ರವಾದ ಒಂದು ನರನಳಿಕೆಗೆ ಹಿಡಿಯುವ ಫೈಬ್ರಾಯಿನ್ ನನ್ನ ಅಂದಾಜಿನಲ್ಲಿ 50 ಮಿಲಿಗ್ರಾಮಿನ ಒಳಗೆ. ಒಂದು ಗೂಡಿನ ತೂಕ 1.8 ಗ್ರಾಂ, ಕವಚ 0.3 ಗ್ರಾಂ ಎಂದಿಟ್ಟುಕೊಂಡರೆ, ಗೋಂದು ಮತ್ತು ತಯಾರಿಕೆಯಲ್ಲಾಗುವ ನಷ್ಟ ಕಳೆದು 0.2 ಗ್ರಾಂ ಉಳಿಯುತ್ತದೆ. ಅಂದರೆ ಒಂದು ಗೂಡಿಗೆ ನಾಲ್ಕು ನಳಿಕೆ. ನೂರು ಮೊಟ್ಟೆ ಚಾಕಿ ಕಟ್ಟಿ 70 ಕಿ.ಗ್ರಾಂ. ಗೂಡು ತೆಗೆದವನ ಮನೆಯಲ್ಲಿ ಸುಮಾರು 39,000 ಗೂಡುಗಳಿರುತ್ತವೆ. ಅವನೊಬ್ಬನ ಒಂದು ಬೆಳೆಯಿಂದ ಒಂದೂವರೆ ಲಕ್ಷ ನಳಿಕೆ! ಶಿಡ್ಲಘಟ್ಟದ ಮಾರುಕಟ್ಟೆಗೆ ಒಂದು ದಿನ ಬರುವ ಗೂಡನ್ನು ಇದಕ್ಕೇ ಕೊಟ್ಟರೆ ಜಗತ್ತಿನಲ್ಲಿ ಹಾಕಲು ಕೈಗಳು ಸಿಗಲಾರವು. ಆದುದರಿಂದ ನರನಳಿಕೆಯಿಂದ ಗೂಡಿನ ದರ ಏರುತ್ತದೆಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಇದನ್ನು ನಂಬಿ ಯಾರೂ ತೋಟ ವಿಸ್ತರಿಸಬಾರದು, ಸಾಲ ಮಾಡಬಾರದು. ಗೂಡಿನ ದರವನ್ನು ಸೀರೆ ಮತ್ತು ಆಮದು ರೇಷ್ಮೆ ಇವೆರಡೇ ಮುಂದೆಯೂ ನಡೆಸುತ್ತವೆ.

ಹಾಗಾದರೆ ಪಾಲೆಲ್ಲಿ ಬಂತು? ಶುದ್ಧತೆಯಲ್ಲಿ ಮತ್ತು ದಾಖಲೆಯಲ್ಲಿ. ಮನುಷ್ಯನ ಮೈಯೊಳಗೆ ಇಡುವ ವಸ್ತುವಿನ ಹುಟ್ಟನ್ನು ಮೊಟ್ಟೆಯಿಂದ ಹಿಡಿದು ಹೇಳಲು ಬರಬೇಕು. ಯಾವ ತಳಿ, ಯಾವ ಬೀಜೋತ್ಪಾದನಾ ಕೇಂದ್ರ, ತೋಟಕ್ಕೆ ಯಾವ ಔಷಧಿ ಹೊಡೆದು ಎಷ್ಟು ದಿನಕ್ಕೆ ಸೊಪ್ಪು ಕಡಿದದ್ದು, ಹುಳು ಮನೆಗೆ ಫಾರ್ಮಲಿನ್ ಹೊಡೆದರೋ ಬ್ಲೀಚಿಂಗ್ ಪುಡಿಯೋ, ಹಾಸಿಗೆಗೆ ಹಾಕಿದ್ದು ವಿಜೇತವೋ ಅಂಕುಶ್ಶೋ ಬರಿಯ ಸುಣ್ಣವೋ, ಇವೆಲ್ಲ ಬರಹದಲ್ಲಿರಬೇಕು. ಈಗ ಮಾರುಕಟ್ಟೆಯಲ್ಲಿ ಲಾಟು ಹರಾಜಾಗಿ, ರೀಲರರ ಮನೆಯಲ್ಲಿ ಹತ್ತು ಊರಿನ ಗೂಡು ಒಂದೇ ಬೇಯುವ ತೊಟ್ಟಿಗೆ ಬಿದ್ದ ಮೇಲೆ ಈ ವಿವರ ಯಾರಿಗೂ ಸಿಗುವುದಿಲ್ಲ. ಸೀರೆಗೆ ಅದು ಬೇಕಾಗಿಯೂ ಇಲ್ಲ, ನರಕ್ಕೆ ಬೇಕು. ಹೀಗೆ ದಾಖಲೆಯಿರುವ ಗೂಡು ಬೇಕಾದ ಸಂಸ್ಥೆ ನೇರವಾಗಿ ಬೆಳೆಗಾರನ ಬಾಗಿಲಿಗೆ ಬರಬೇಕಾಗುತ್ತದೆ. ಬಂದಾಗ ಅದು ಕೊಡುವ ಬೆಲೆ ತೂಕಕ್ಕಲ್ಲ, ನಂಬಿಕೆಗೆ. ಇನ್ನೊಂದು ಅನುಕೂಲವನ್ನೂ ಗಮನಿಸಿರಿ. ಇಲ್ಲಿ ನೂಲು ಬಿಚ್ಚುವುದಿಲ್ಲ, ಕವಚವನ್ನು ಕತ್ತರಿಸಿ ಕರಗಿಸುತ್ತಾರೆ. ಎಳೆ ಎಷ್ಟು ಮೀಟರ್ ಬಂತೆಂಬುದು ಮುಖ್ಯವಲ್ಲ. ಹರಾಜಿನಲ್ಲಿ ಕೇಳುವವರಿಲ್ಲದ ಜೋಡಿ ಗೂಡು, ಆಕಾರ ಕೆಟ್ಟ ಗೂಡು ಕೂಡ ಶುಭ್ರವಾಗಿದ್ದರೆ ಕೆಲಸಕ್ಕೆ ಬಂದೀತು. ಒಳಗೆ ಹುಳು ಸತ್ತು ಕಲೆಯಾದ ಗೂಡು ಮಾತ್ರ ಖಂಡಿತ ಬೇಡ.

ಇದು ದೂರದ ಮಾತೇನಲ್ಲ. ಬೆಂಗಳೂರಿನ ಫೈಬ್ರೋಹೀಲ್ ಎಂಬ ಸಂಸ್ಥೆ ರೇಷ್ಮೆ ಪ್ರೊಟೀನಿನಿಂದ ಗಾಯದ ಪಟ್ಟಿ, ಪುಡಿಗಳನ್ನು ತಯಾರಿಸಿ ಮಾರುತ್ತಿದೆ. ಸಕ್ಕರೆ ರೋಗಿಗಳ ಕಾಲಿನ ಹುಣ್ಣಿನಂಥ ಗಾಯಗಳ ಸಂಖ್ಯೆಯೊಡನೆ ಹೋಲಿಸಿದರೆ ನರನಳಿಕೆಯ ಬೇಡಿಕೆ ಅತ್ಯಲ್ಪ. ಗಾಯದ ಪಟ್ಟಿಗೆ ಕಟ್ಟಿದ ಶುದ್ಧ ಗೂಡಿನ ವ್ಯವಸ್ಥೆಯ ಮೇಲೆಯೇ ಮುಂದೆ ನರನಳಿಕೆಯೂ ನಿಲ್ಲಬೇಕಾಗುತ್ತದೆ ಎಂದು ನನಗೆ ತೋರುತ್ತದೆ. ಗುವಾಹಟಿಯ ಐ.ಐ.ಟಿ.ಯವರು ಅಸ್ಸಾಮಿನ ಮುಗಾ, ಎರಿ ರೇಷ್ಮೆಗಳನ್ನು ಅಂಗಾಂಶ ದುರಸ್ತಿಗೆ ಬಳಸುವ ಸಂಶೋಧನೆಯಲ್ಲಿ ತೊಡಗಿದ್ದಾರೆ. ತಮ್ಮ ನಾಡಿನ ಹುಳುವನ್ನು ಅವರು ಹಿಡಿದಂತೆ ನಮ್ಮ ಹುಳುವನ್ನು ನಾವು ಹಿಡಿಯಬೇಡವೇ?

ಮುದ್ದೇನಹಳ್ಳಿಯನ್ನು ನೆನೆಯಿರಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರೆಂದು ಎಲ್ಲರೂ ಬಲ್ಲರು. ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ ರೇಷ್ಮೆಗಾಗಿ ಇಟಲಿಯ ತಜ್ಞರನ್ನು ಕರೆಸಿ, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ಬೆಳೆಯಲು ಕಾರಣರಾದರೆಂಬುದನ್ನು ಅಣೆಕಟ್ಟೆಯ ಮಾತಿನ ನಡುವೆ ನಾವು ಮರೆಯುತ್ತೇವೆ. ಇಂದು ಅದೇ ಮುದ್ದೇನಹಳ್ಳಿಯಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ. 2023ರ ಮಾರ್ಚ್ 25ರಂದು ಉದ್ಘಾಟನೆಯಾದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಆಚೆಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಇನ್ನೂ ಆಚೆ ಚಿಂತಾಮಣಿ ಬಳಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಲಿಸುವ ನಮ್ಮ ಕಾಲೇಜು. ಯಂತ್ರ ಬಲ್ಲವರು, ರೋಗಿಯನ್ನು ಬಲ್ಲವರು, ಹುಳು ಬಲ್ಲವರು, ಗೂಡು ಬೆಳೆಯುವವರು ಎಲ್ಲರೂ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿದ್ದಾರೆ. ನಾನ್‌ಟಾಂಗಿನವರಿಗಿದ್ದ ಯಾವ ಅನುಕೂಲ ಇಲ್ಲಿ ಇಲ್ಲ? ಈ ನಾಲ್ವರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸವನ್ನು ಕೃಷಿ ವಿಶ್ವವಿದ್ಯಾಲಯವೇ ಕೈಗೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹಾಗಾಗದಿದ್ದರೆ ನಮ್ಮ ಗೂಡು ಕಿಲೋ ಲೆಕ್ಕದಲ್ಲಿ ಹೋಗಿ, ನಳಿಕೆ ಮಿಲಿಗ್ರಾಂ ಲೆಕ್ಕದಲ್ಲಿ ಹಡಗಿನಿಂದ ಬಂದಿಳಿಯುತ್ತದೆ. ಕೈ ಕಡಿದುಕೊಂಡ ಬೆಳೆಗಾರನೇ ಅದನ್ನು ಕೊಳ್ಳಲಾರದೆ ಹಿಂದಿರುಗುವ ದಿನ ಬರುತ್ತದೆ.

ಆ ಕೂಟದಲ್ಲಿ ಬೆಳೆಗಾರ ಬರಿಗೈಯಲ್ಲಿ ಕುಳಿತರೆ ಅವನ ಮಾತಿಗೆ ತೂಕವಿರುವುದಿಲ್ಲ. ನಿಮ್ಮ ಊರಿನ ರೈತ ಉತ್ಪಾದಕ ಸಂಸ್ಥೆಯಲ್ಲಿ ಹತ್ತು ಹದಿನೈದು ಮನೆಯವರು ಸೇರಿ ಒಂದೇ ಬಗೆಯ ಲೆಕ್ಕದ ಪುಸ್ತಕ ಇಟ್ಟುಕೊಳ್ಳಿರಿ. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ನರನಳಿಕೆ ಬಾರದೆ ಹೋದರೂ ಯಾವ ಔಷಧಿ ಹೊಡೆದಾಗ ಹುಳು ಸಪ್ಪೆ ರೋಗಕ್ಕೆ ಬಿತ್ತು, ಯಾವ ಕೇಂದ್ರದ ಮೊಟ್ಟೆ ಚೆನ್ನಾಗಿ ಚಾಕಿಯಾಯಿತು ಎಂಬುದು ಎರಡು ಮೂರು ಬೆಳೆಯಲ್ಲಿ ನಿಮಗೇ ಕಾಣಿಸುತ್ತದೆ. ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ವಹಿಸಬಹುದು. ಮುಂದಿನ ಬೆಳೆಗೆ ಚಾಕಿ ತರುವ ದಿನವೇ ಮೊದಲ ಪುಟದಲ್ಲಿ ಮೊಟ್ಟೆಯ ಕೇಂದ್ರ, ತಳಿ, ಚಾಕಿಯ ದಿನಾಂಕ, ತೋಟಕ್ಕೆ ಕೊನೆಯ ಸಲ ಔಷಧಿ ಹೊಡೆದ ದಿನಾಂಕ, ಈ ನಾಲ್ಕನ್ನು ಬರೆಸಿರಿ.